ಎಷ್ಟು ಗಾಡಿಯೋ ಅಷ್ಟು ಹಸಿರು

ಅವತ್ತು ಬೆಳಿಗ್ಗೆ ಸಿಗ್ನಲಪ್ಪ ಬಾಯಿ ಮುಚ್ಚಿಕೊಂಡು ಶೂ ಹಾಕಿಕೊಂಡು ಹೊರಟಿದ್ದರೆ ಏನೂ ಆಗುತ್ತಿರಲಿಲ್ಲ. ಹಣೆಬರಹ ನೋಡಿ, ಗೇಟಿನ ಹತ್ತಿರ ಬಾಯಿ ತೆರೆದ.

ಸಿಗ್ನಲಪ್ಪ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅವನಿದ್ದ ಅಡ್ಡರಸ್ತೆಯವರು ಇಟ್ಟದ್ದು. ಊರಿನ ಯಾವ ಸಿಗ್ನಲ್ಲಿನಲ್ಲಿ ಯಾವ ದೀಪ ಎಷ್ಟು ಹೊತ್ತು ಉರಿಯಬೇಕು ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುವುದು ಅವನ ಕೆಲಸ. ಕೆಲಸವೇನೋ ಇತ್ತು, ಕಾಯಂ ಆಗಿರಲಿಲ್ಲ. ಅವತ್ತು ಮಧ್ಯಾಹ್ನ ಚೀಫ್ ಇಂಜಿನಿಯರ್ ಮೇಡಂ ಬಂದು ಸಾಫ್ಟ್‌ವೇರ್ ನೋಡುವವರಿದ್ದರು. ಮೆಚ್ಚಿದರೆ ಕಾಯಂ, ಮೆಚ್ಚದಿದ್ದರೆ ಮನೆಗೆ. ಷರತ್ತು ಒಂದೇ: ಬೆಳಿಗ್ಗೆಯಿಂದ ಎಲ್ಲ ಸಿಗ್ನಲ್ಲನ್ನೂ ಸಾಫ್ಟ್‌ವೇರೇ ನಡೆಸಬೇಕು, ಯಾರೂ ಮಧ್ಯೆ ಕೈಯಾಡಿಸುವ ಹಾಗಿಲ್ಲ.

ಅಂಥ ದಿನವೇ ಎದುರುಮನೆಯ ನಿವೃತ್ತ ಮೇಷ್ಟ್ರು ಅವನ ಗೇಟಿಗೆ ಒರಗಿ ನಿಂತಿದ್ದರು.

"ಏನಪ್ಪಾ, ನಾನು ಸ್ಕೂಟರ್ ಒದ್ದು ಸ್ಟಾರ್ಟ್ ಮಾಡೋಷ್ಟರಲ್ಲಿ ನಮ್ಮ ರಸ್ತೆ ಸಿಗ್ನಲ್ ಮತ್ತೆ ಕೆಂಪಾಗಿಬಿಡುತ್ತಲ್ಲ! ನೀನು ಒಳಗಿನವನು, ಹಸಿರು ಸ್ವಲ್ಪ ಜಾಸ್ತಿ ಕೊಡಿಸಬಾರದಾ?"

ದಿನಾ ಇದೇ ರಾಗ. ಸಿಗ್ನಲಪ್ಪನಿಗೆ ರೇಗಿತು. "ನನ್ನ ಕೈಲಿ ಏನೂ ಇಲ್ಲ ಮೇಷ್ಟ್ರೇ. ಕಂಬದ ಮೇಲೆ ಕ್ಯಾಮೆರಾ ಇದೆ, ಅದು ಗಾಡಿ ಎಣಿಸುತ್ತೆ. ಎಷ್ಟು ಗಾಡಿಯೋ ಅಷ್ಟು ಹಸಿರು. ನಮ್ಮ ರಸ್ತೇಲಿ ಗಾಡಿನೇ ಇಲ್ಲ, ನಾನೇನು ಮಾಡ್ಲಿ?"

"ಓಹೋ, ಹಾಗೋ ವಿಷಯ!" ಎಂದರು ಮೇಷ್ಟ್ರು. ಆ ಓಹೋ ಕೇಳಿದಾಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಪುಣ್ಯಾತ್ಮ, ಬಸ್ಸಿಗೆ ಹೊತ್ತಾಯಿತು ಅಂತ ಓಡಿಬಿಟ್ಟ.

ಕಂಟ್ರೋಲ್ ರೂಮಿನಲ್ಲಿ ಕೂತು ಇನ್ನೂ ಒಂದು ಲೋಟ ಕಾಫಿ ಮುಗಿಸಿರಲಿಲ್ಲ, ಪಕ್ಕದ ಕುರ್ಚಿಯವನು ಬಗ್ಗಿ ನೋಡಿದ. ತನ್ನ ಕಂಪ್ಯೂಟರ್ ಬಿಟ್ಟು ಬೇರೆ ಎಲ್ಲರದ್ದನ್ನೂ ನೋಡುವುದು ಅವನಿಗೆ ಹುಟ್ಟುಗುಣ.

"ಇದು ನಿಮ್ಮ ಮನೆ ರಸ್ತೆ ಅಲ್ವೇನೋ? ಅಂಕಿ ಹಾಲು ಉಕ್ಕಿದ ಹಾಗೆ ಏರ್ತಾ ಇದೆ!"

ಸಿಗ್ನಲಪ್ಪ ಕ್ಯಾಮೆರಾದ ಚಿತ್ರ ತೆರೆದ. ಮೇಷ್ಟ್ರ ಸ್ಕೂಟರ್ ಸಿಗ್ನಲ್ ದಾಟಿ ಎಡಕ್ಕೆ ತಿರುಗಿ ಮಾಯವಾಯಿತು. ಅದರ ಹಿಂದೆ ಹಾಲಿನ ವ್ಯಾನು, ಮೂಲೆಮನೆ ಟೈಲರ್‌ನ ಮೊಪೆಡ್ಡು, ಡ್ರೈವಿಂಗ್ ಸ್ಕೂಲಿನ ಎರಡು ಕಾರು. ಸ್ವಲ್ಪ ಹೊತ್ತಿಗೆ ಹಿಂದಿನ ರಸ್ತೆಯಿಂದ ಸುತ್ತಿಕೊಂಡು ಅದೇ ಸ್ಕೂಟರ್ ಮತ್ತೆ ಬಂತು, ಅದರ ಹಿಂದೆ ಅದೇ ವ್ಯಾನು. ಮೂರನೇ ಸುತ್ತಿನಲ್ಲಿ ಟೈಲರ್‌ನ ಹೆಂಡತಿ ತನ್ನದೇ ಸ್ಕೂಟಿ ತಂದಳು. ಅವಳ ಹಿಂದೆ ಕೂತಿದ್ದವಳು ಸಾಕ್ಷಾತ್ ಸಿಗ್ನಲಪ್ಪನ ಹೆಂಡತಿ. ಕ್ಯಾಮೆರಾ ನೋಡಿ ಕೈ ಬೇರೆ ಬೀಸಿದಳು.

ಅವನು ಹೊರಗೆ ಓಡಿ ಫೋನ್ ಮಾಡಿದ. "ಏನೇ ಇದು ನಿಂದು?"

"ರೀ, ಇವತ್ತು ನಿಮ್ಮ ಪರೀಕ್ಷೆ, ರಸ್ತೆಯವರೆಲ್ಲ ಕೈಜೋಡಿಸಬೇಕು ಅಂತ ಮೇಷ್ಟ್ರು ಮನೆಮನೆಗೂ ಹೋಗಿ ಹೇಳಿದ್ರು. ಊರವರೆಲ್ಲ ನಿಮಗೋಸ್ಕರ ಸುತ್ತುವಾಗ ನಾನೊಬ್ಬಳೇ ಮನೇಲಿ ಕೂತ್ರೆ ಚೆನ್ನಾಗಿರುತ್ತಾ?"

"ಮೊದಲು ಇಳಿದು ಮನೆಗೆ ಹೋಗು ಮಾರಾಯ್ತಿ! ಎಲ್ಲರಿಗೂ ನಿಲ್ಲಿಸೋಕೆ ಹೇಳು!"

"ಹೇಗೆ ನಿಲ್ಲಿಸೋದು? ಹಸಿರು ಜಾಸ್ತಿ ಆಯ್ತು, ಎಲ್ಲರಿಗೂ ಹುಮ್ಮಸ್ಸು ಬಂದುಬಿಟ್ಟಿದೆ. ಹಾಲಿನವರು ಅವರ ಭಾವಂದಿರ ಟೆಂಪೋ ಬೇರೆ ಕರೆಸಿದ್ದಾರೆ. ಇಡ್ತೀನಿ, ಸಿಗ್ನಲ್ ಬಂತು."

ಸಾಫ್ಟ್‌ವೇರ್ ಪಾಪ ಏನು ಮಾಡೀತು? ಹೇಳಿಕೊಟ್ಟ ಹಾಗೆ ನಡೆದುಕೊಂಡಿತು. ಅಡ್ಡರಸ್ತೆಗೆ ಕೊಟ್ಟ ಹಸಿರನ್ನೆಲ್ಲ ಮುಖ್ಯರಸ್ತೆಯಿಂದ ಕಿತ್ತುಕೊಂಡಿತು. ಮುಖ್ಯರಸ್ತೆಯ ಬಸ್ಸು ಲಾರಿಗಳು ನಿಂತಲ್ಲೇ ನಿಂತು ಕೂಗತೊಡಗಿದವು. ಸಿಗ್ನಲಪ್ಪನ ಬೆರಳು ಕೀಬೋರ್ಡಿನ ತನಕ ಹೋಯಿತು. ಒಂದು ಗುಂಡಿ ಒತ್ತಿದರೆ ಎಲ್ಲ ಸರಿಹೋಗುತ್ತಿತ್ತು, ಆದರೆ ಕೈಯಾಡಿಸಿದ ಅಂತ ಕೆಲಸವೂ ಹೋಗುತ್ತಿತ್ತು. ಬೆರಳನ್ನು ತಾನೇ ಹಿಡಿದುಕೊಂಡು ಕೂತ. ಊಟದ ಡಬ್ಬಿ ತೆರೆಯಲಿಲ್ಲ.

ಚೀಫ್ ಇಂಜಿನಿಯರ್ ಮೇಡಂ ತಡವಾಗಿಯೇ ಬಂದರು. ಬಂದವರು ಕೂರಲಿಲ್ಲ, ನೇರವಾಗಿ ದೊಡ್ಡ ಪರದೆಯ ಮುಂದೆ ನಿಂತು ಆ ಅಡ್ಡರಸ್ತೆಯ ಮೇಲೆ ಬೆರಳಿಟ್ಟರು.

"ಇದೇನ್ರೀ ಇದು?"

ಕತೆ ಮುಗಿಯಿತು ಅನ್ನಿಸಿತು ಸಿಗ್ನಲಪ್ಪನಿಗೆ. ಹೋಗುವ ಕೆಲಸ ಮರ್ಯಾದೆಯಿಂದಾದರೂ ಹೋಗಲಿ ಅಂತ ಗಟ್ಟಿ ಮನಸ್ಸು ಮಾಡಿದ. "ಮೇಡಂ, ಅದು ಸುಳ್ಳು ಲೆಕ್ಕ. ಆ ರಸ್ತೇಲಿ ಗಾಡಿನೇ ಇಲ್ಲ. ಇರೋ ನಾಲ್ಕು ಮನೆಯವರೇ ಹಸಿರಿಗೋಸ್ಕರ ಬೆಳಿಗ್ಗೆಯಿಂದ ಸುತ್ತುತ್ತಾ ಇದ್ದಾರೆ. ನನ್ನ ಹೆಂಡತಿನೂ ಸುತ್ತುತ್ತಾ ಇದ್ದಾಳೆ."

ಮೇಡಂ ಅವನನ್ನು ಕಣ್ಣು ಕಿರಿದು ಮಾಡಿ ನೋಡಿದರು. "ನಿಮ್ಮ ಮನೆ ಎಲ್ಲಿ?"

"ಅದೇ ರಸ್ತೇಲಿ ಮೇಡಂ," ಎಂದ ಪಕ್ಕದ ಕುರ್ಚಿಯವನು, ಯಾರೂ ಕೇಳದಿದ್ದರೂ.

ಮೇಡಂ ಗಟ್ಟಿಯಾಗಿ ನಕ್ಕರು. "ಅದೇ ಅಂದುಕೊಂಡೆ! ನನ್ನ ಸರ್ವಿಸ್ ಪೂರ್ತಿ ಇದನ್ನೇ ಕೇಳಿದ್ದೀನಿ. ಯಾವ ರಸ್ತೆಗೆ ಬಸ್ ಬಿಡ್ತೀವಿ ಅಂದ್ರೂ ಅಲ್ಲಿಯವರು ಹೇಳೋದು ಒಂದೇ ಮಾತು, ನಮ್ಮ ರಸ್ತೇಲಿ ಗಾಡಿನೇ ಓಡಲ್ಲ ಅಂತ. ನಾನೇ ಈಗ ಅಲ್ಲಿಂದ ಬಂದೆ ಕಣ್ರೀ. ಮುಖ್ಯರಸ್ತೆ ಕಟ್ಟಿಕೊಂಡಿತ್ತು, ಡ್ರೈವರ್ ಆ ಕಡೆ ತಿರುಗಿಸಿದ. ಅಷ್ಟು ಗಾಡಿ ಇದ್ರೂ ಬೆಣ್ಣೆ ಥರ ಜಾರಿಕೊಂಡು ಬಂದ್ವಿ! ಇಂಥ ರಸ್ತೇನ ಇಷ್ಟು ದಿನ ನಾವ್ಯಾರೂ ಗಮನಿಸಿರಲಿಲ್ಲ, ನಿಮ್ಮ ಸಾಫ್ಟ್‌ವೇರ್ ಹುಡುಕಿಕೊಟ್ಟಿದೆ."

"ಮೇಡಂ, ದೇವರಾಣೆಗೂ..."

"ಸಾಕು ಸಾಕು. ನಿಮ್ಮ ಕೆಲಸ ಕಾಯಂ, ಇನ್ನು ಆ ರಸ್ತೆ ಜವಾಬ್ದಾರಿನೂ ನಿಮ್ಮದೇ. ಲಾರಿ, ಬಸ್ಸು ಎಲ್ಲ ಇವತ್ತಿಂದಲೇ ಆ ರಸ್ತೆಗೆ ಬಿಡಿ."

ಸಂಜೆ ಅವನು ಹತ್ತಿದ ಬಸ್ಸು ಅವನನ್ನು ಅವನ ಗೇಟಿನ ಮುಂದೆಯೇ ಇಳಿಸಿತು. ಹಿಂದೆ ಲಾರಿಗಳ ಸಾಲು, ಹಾರನ್ನು, ಧೂಳು. ಸಿಗ್ನಲ್ ನೋಡಿದರೆ ಹಸಿರೋ ಹಸಿರು. ಅಡ್ಡರಸ್ತೆಯವರೆಲ್ಲ ತಂತಮ್ಮ ಗೇಟಿನಿಂದ ಗಾಡಿ ಹೊರಗೆ ತೆಗೆಯಲಾಗದೆ ಮೂಲೆಯಲ್ಲಿ ಗುಂಪು ಕಟ್ಟಿ ನಿಂತಿದ್ದರು.

"ಕಾಯಂ ಆಯ್ತಾ ರೀ?" ಹೆಂಡತಿ ಹಾರನ್ನಿನ ಮೇಲೆ ಕಿರುಚಿದಳು.

"ಆಯ್ತು," ಎಂದ ಸಣ್ಣಗೆ.

ಮೇಷ್ಟ್ರು ಅವನ ತೋಳು ಹಿಡಿದುಕೊಂಡರು. "ಅಪ್ಪಾ, ನೀನು ಒಳಗಿನವನು, ಹೇಳು. ಈ ಲಾರಿಗಳನ್ನ ಇಲ್ಲಿಗೆ ಬಿಟ್ಟ ಮುಠ್ಠಾಳ ಯಾರು?"

"ಯಾರೋ ಮೇಲಿನವರು ಮೇಷ್ಟ್ರೇ," ಎಂದ ಸಿಗ್ನಲಪ್ಪ. "ನನಗೇನು ಗೊತ್ತಾಗುತ್ತೆ?" ಎಲ್ಲರೂ ಪಾಪ ಅಂದುಕೊಂಡು ನಂಬಿದರು. ಅವನಿಗೂ ಹೋದ ಜೀವ ಬಂದ ಹಾಗಾಯಿತು.

"ಇರಲಿ ಬಿಡು," ಎಂದು ಮೇಷ್ಟ್ರು ಕನ್ನಡಕ ಏರಿಸಿಕೊಂಡು ಮೂಲೆಯಲ್ಲಿ ಆಗತಾನೇ ನೆಟ್ಟಿದ್ದ ಬೋರ್ಡಿನತ್ತ ನಡೆದು ಓದತೊಡಗಿದರು. "ಭಾರಿ ವಾಹನಗಳ ಮಾರ್ಗ. ದೂರುಗಳಿದ್ದರೆ ಈ ರಸ್ತೆಯ ಜವಾಬ್ದಾರಿ ಹೊತ್ತ ಅಧಿಕಾರಿಗೆ ಕರೆ ಮಾಡಿ. ನಂಬರ್ ಬೇರೆ ಹಾಕಿದ್ದಾರೆ, ಒಳ್ಳೇದಾಯ್ತು. ಜನ್ಮ ಜಾಲಾಡಿಬಿಡ್ತೀನಿ ಇವತ್ತು!"

ಒಂದೊಂದೇ ಅಂಕಿ ಗಟ್ಟಿಯಾಗಿ ಓದಿಕೊಂಡು ಮೊಬೈಲಿನಲ್ಲಿ ಒತ್ತಿ ಕಿವಿಗಿಟ್ಟುಕೊಂಡರು. ಸಿಗ್ನಲಪ್ಪನ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು, ಅಡ್ಡರಸ್ತೆಯವರೆಲ್ಲ ಅವನ ಕಡೆ ತಿರುಗಿದರು.