ಮಾವನ ರೂಲಿನೊಳಗೆ ನಮ್ಮ ನೆಂಟರು

ನಮ್ಮ ಮಾವ ನೆಂಟರನ್ನು ಮುಖ ನೋಡಿ ಗುರುತಿಸಿದ್ದನ್ನು ಕಂಡವರು ನಮ್ಮ ವಂಶದಲ್ಲಿ ಯಾರೂ ಇಲ್ಲ! ಅಮ್ಮನ ತಮ್ಮ, ಯಲಿಯೂರಿನ ವಾಸ, ಮಂಡ್ಯದಲ್ಲಿ ಕೆಲಸ. ಒಮ್ಮೆ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಅತ್ತೆಯ ಸ್ವಂತ ತಮ್ಮನೇ ಎದುರಿಗೆ ಬಂದು ಕೈ ಮುಗಿದರೆ, ಈ ಮಹಾನುಭಾವ ಹುಬ್ಬು ಗಂಟಿಕ್ಕಿ ಕೇಳಿದ:

“ನೀವು ಯಾರ ಒಳಗೆ ಬತ್ತೀರಿ?”

“ಮಳವಳ್ಳಿ ಬಸ್ಸಿನ ಒಳಗೆ ಬಂದೆ ಕಣ್ ಬಾವ, ಇನ್ಯಾರ ಒಳಗೆ ಬರ್ಲಿ?”

ತಪ್ಪು ಮಾವನದಲ್ಲ, ಕಸುಬಿನದು. ಪುಸ್ತಕಗಳನ್ನು ಅಚ್ಚಿಗೆ ಅಣಿ ಮಾಡುವ ಆಫೀಸಿನಲ್ಲಿ ಮಾವ ಎಕ್ಸ್‌ಎಸ್‌ಎಲ್‌ಟಿ ಎಂಬ ಕಂಪ್ಯೂಟರ್ ಭಾಷೆ ಬರೆಯುತ್ತಾನೆ. ಹೆದರಬೇಡಿ, ನನಗೂ ಪೂರ್ತಿ ಗೊತ್ತಿಲ್ಲ. ಫೈಲಿನಲ್ಲಿ ಪ್ರತಿ ಸಾಲಿಗೂ ಇದು ಅಧ್ಯಾಯ, ಇದು ತಲೆಬರಹ ಎಂದು ಹೆಸರಿನ ಚೀಟಿ ಅಂಟಿಸಿರುತ್ತಾರಂತೆ, ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟ ಹಾಗೆ. ‘ಇಂಥದ್ದು ಸಿಕ್ಕರೆ ಹೀಗೆ ಬರೆ’ ಎಂದು ಮಾವ ರೂಲು ಕೊಡುತ್ತಾನೆ, ಕಂಪ್ಯೂಟರು ಪುಟ ಕಟ್ಟುತ್ತದೆ. ಆ ‘ಇಂಥದ್ದು’ ಇದೆಯಲ್ಲ, ಅದನ್ನು ಬಿಗಿಯಾಗಿ ಬರೆದರೆ ಬೇಕಾದ್ದೂ ತಪ್ಪಿಹೋಗುತ್ತದೆ, ಸಡಿಲ ಬಿಟ್ಟರೆ ಬೇಡದ್ದೂ ನುಗ್ಗುತ್ತದೆ. ಎಲ್ಲ ಜಾಣತನವೂ ಅಲ್ಲೇ!

ಇಷ್ಟಕ್ಕೇ ನಿಲ್ಲಿಸಿದ್ದರೆ ನಾವು ಸುಖವಾಗಿರುತ್ತಿದ್ದೆವು. ಮಗಳ ನಿಶ್ಚಿತಾರ್ಥ ಗೊತ್ತಾದ ಕೂಡಲೇ ಇಡೀ ಮನೆತನವನ್ನು ಒಂದು ಫೈಲಿಗೆ ತುಂಬಿದ. ಅರ್ಧ ಗಂಟೆಯಲ್ಲಿ ಟೈಪ್ ಮಾಡಬಹುದಾದ ಆಹ್ವಾನದ ಕಾರ್ಡಿಗೆ ಹದಿನೈದು ದಿನ ರೂಲು ಬರೆದ. ಕಾರ್ಡಿನಲ್ಲಿ ಯಾರ ಯಾರ ಹೆಸರು ಬರಬೇಕೆಂಬುದಕ್ಕೆ ‘ತಾತನ ಒಳಗೆ ನೇರವಾಗಿ ಇರುವ ಮಕ್ಕಳು’ ಎಂದು ಬಿಗಿಯಾಗಿ ಹೇಳಿದ್ದ. ಕಾರ್ಡು ಬಂದ ಮಾರನೆಯ ದಿನವೇ ಕಿರುಗಾವಲಿನಿಂದ ದೊಡ್ಡಮಾವ ಬಂದಿಳಿದರು. ಮಾವನ ಸ್ವಂತ ಅಣ್ಣನೇ, ಆದರೆ ಚಿಕ್ಕಂದಿನಲ್ಲಿ ಮಕ್ಕಳಿಲ್ಲದ ಚಿಕ್ಕತಾತನಿಗೆ ದತ್ತು ಹೋದವರು.

“ಏನ್ಲಾ, ನನ್ನೆಸರೇ ಇಲ್ಲ. ನಾನೇನ್ ಸತ್ತೋದ್ನಾ?”

“ಸತ್ತಿಲ್ಲ ಕಣಣ್ಣ, ಚಿಕ್ಕಪ್ಪನ ಪೆಟ್ಟಿಗೆ ಒಳಕ್ಕೆ ಓಗಿದ್ದೀಯೆ.”

ದೊಡ್ಡಮಾವ ಅಂದು ಕಾಫಿಯನ್ನೂ ಮುಟ್ಟದೆ ಹೋದರು!

ಮದುವೆಯ ಕಾರ್ಡಿಗೆ ಮಾವ ಪಾಠ ಕಲಿತ. ಬರೀ ಒಂದು ನಕ್ಷತ್ರದ ಗುರುತು ಹಾಕಿದ. ಅಂದರೆ, ಎಷ್ಟು ಒಳಗಿದ್ದರೂ ಸರಿ, ಯಾರಾದರೂ ಸರಿ, ಮನೆಯೊಳಗಿದ್ದವರೆಲ್ಲ ಬರಲಿ! ಬಂದರು. ಹೆಣ್ಣು ಎಂದು ಕಂಡಲ್ಲೆಲ್ಲ ಹೆಸರಿಗೆ ಮೊದಲು ‘ಶ್ರೀಮತಿ’ ಸೇರಿಸು ಎಂಬ ರೂಲು ಬೇರೆ ಇತ್ತು. ಕಾರ್ಡನ್ನು ಮೂರು ಜನ ತಿದ್ದಿ ನೋಡಿದೆವು, ಯಾರಿಗೂ ಸಂಶಯ ಬರಲಿಲ್ಲ. ಮಂಟಪದಲ್ಲಿ ಗಂಡಿನ ತಾಯಿ ಕುಪ್ಪಸದ ಕಣ ಹಿಡಿದು ಹುಡುಕುತ್ತಾ ಬಂದರು.

“ಶ್ರೀಮತಿ ಗೌರಿ ಅಂತ ಆಕಿದ್ದೀರಲ್ಲ, ಅವರು ಕಾಣ್ಸಲೇ ಇಲ್ಲ?”

ಗೌರಿ ನಮ್ಮ ಮಾವನ ಹಸು! ಅದನ್ನೂ ಮನೆಯ ಫೈಲಿನಲ್ಲೇ ಬರೆದಿಟ್ಟಿದ್ದ. ಅತ್ತೆ ಮಾತ್ರ ಒಂದಿಷ್ಟೂ ವಿಚಲಿತಳಾಗಲಿಲ್ಲ.

“ಅವರು ಎಲ್ಲೂ ಬರಾಕಿಲ್ಲ ಕಣಮ್ಮ. ಮನೇಲೇ ಇರ್ತಾರೆ.”

ಕುಪ್ಪಸದ ಕಣ ತೆಗೆದುಕೊಂಡದ್ದೂ ಅತ್ತೆಯೇ. ಅಂದು ಮನೆಗೆ ಬಂದ ಮೇಲೆ ಮಾವನನ್ನು ಹಿಡಿದು ಎಲ್ಲರೂ ನಗುತ್ತಿದ್ದಾಗ, ಅತ್ತೆ ಕಾರ್ಡನ್ನು ಇನ್ನೊಮ್ಮೆ ಓದಿ ಮೆಲ್ಲಗೆ ಕೇಳಿದಳು:

“ಅಸು ಬಂತು ಸರಿ. ನಿಮ್ಮಕ್ಕ ಎಲ್ಲಿ?”

ನಗು ನಿಂತಿತು. ಅತ್ತೆ ಕೇಳಿದ್ದು ಮಾವನ ಕಿರಿಯಕ್ಕನನ್ನು, ಮಳವಳ್ಳಿಯ ನನ್ನ ಚಿಕ್ಕಮ್ಮನನ್ನು. ಅವಳು ಬಟ್ಟೆ ಹೊಲಿದು ಬದುಕುವವಳು, ಗಂಡ ಬಿಟ್ಟುಹೋಗಿ ವರ್ಷಗಳೇ ಆಗಿದ್ದವು. ಹೊಟ್ಟೆಯುರಿದು ಮಾವ ಆ ಗಂಡನ ಮನೆಯನ್ನೇ ಫೈಲಿನಿಂದ ಅಳಿಸಿದ್ದ. ಅದರೊಳಗಿದ್ದ ಅಕ್ಕನೂ ಅಳಿಸಿಹೋಗಿದ್ದಳು. ಮದುವೆಗೆ ಬಂದು, ಹೂ ಕಟ್ಟಿ, ಉಂಡು ಹೋದ ಚಿಕ್ಕಮ್ಮ ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಈ ವರ್ಷ ಮಗನ ಮದುವೆ. ಮಾವ ಮೂರು ದಿನ ಆಫೀಸಿಗೆ ರಜೆ ಹಾಕಿ ಕಂಪ್ಯೂಟರಿನ ಮುಂದೆ ಕೂತ. ಅಕ್ಕನನ್ನು ತೌರುಮನೆಯೊಳಗೆ ಬರೆದ. ಆದರೆ ಹಸು ಮತ್ತೆ ನುಗ್ಗದಿರಲೆಂದು ಈ ಸಲ ಬಿಗಿ ಮಾಡಿದ್ದ ಹೆಂಗಸರ ರೂಲು ಪಕ್ಕದಲ್ಲಿ ಗಂಡನ ಹೆಸರು ಕೇಳುತ್ತಿತ್ತು, ಇಲ್ಲದಿದ್ದರೆ ಅವಳನ್ನೇ ಬಿಟ್ಟುಬಿಡುತ್ತಿತ್ತು.

“ಒಂದು ಹೆಸರು ತಾನೆ ಮಾವ, ಕೈಯಲ್ಲೇ ಸೇರಿಸಿಬಿಡು” ಎಂದೆ.

“ಕೈಯಲ್ಲಿ ಸೇರಿಸಿದ್ರೆ ಈ ಕಾರ್ಡಲ್ಲಿ ಮಾತ್ರ ಇರ್ತಾಳೆ ಕಣವ್ವ. ರೂಲಲ್ಲಿ ಸೇರಿಸಿದ್ರೆ, ನಾನು ಸತ್ತೋದ ಮೇಲೂ ಎಲ್ಲ ಮದ್ವೇಲೂ ಇರ್ತಾಳೆ.”

ಪಕ್ಕದಲ್ಲಿ ಯಾರೂ ಇಲ್ಲದ ಹೆಣ್ಣುಮಗಳು ಮನೆಯ ಯಾವ ಮೂಲೆಯಲ್ಲಿ ಸಿಕ್ಕರೂ ಅವಳ ಹೆಸರನ್ನು ಒಂದು ಪೂರ್ತಿ ಸಾಲಿನಲ್ಲಿ ಬರೆ. ಅಷ್ಟೇ ಆ ರೂಲು.

ಕಾರ್ಡು ಹಿಡಿದು ಮಾವ, ನಾನು ಇಬ್ಬರೂ ಮಳವಳ್ಳಿಗೆ ಹೋದೆವು. ಚಿಕ್ಕಮ್ಮ ಹೊಲಿಗೆ ಮಿಷನ್ನಿನ ಮೇಲಿದ್ದ ಕನ್ನಡಕ ತೆಗೆದು ಹಾಕಿಕೊಂಡು ಬಹಳ ಹೊತ್ತು ಓದಿದಳು. ಆಮೇಲೆ ತಮ್ಮನ ಮೇಲೆ ರೇಗಿದಳು.

“ನನ್ನೆಸರಿಗೆ ಇಷ್ಟು ದಪ್ಪ ಅಕ್ಸರ ಯಾಕ್ಲಾ?”

“ಎಲ್ರಿಗೂ ಅಷ್ಟೇ ದಪ್ಪ ಕಣಕ್ಕ.”

ಅವಳು ಸಾಲು ಸಾಲಾಗಿ ಬೆರಳಿಟ್ಟು ಎಲ್ಲರ ಹೆಸರನ್ನೂ ಹೋಲಿಸಿ ನೋಡಿದಳು. ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಮಾವನ ಕಡೆ ಕೈ ಚಾಚಿದಳು.

“ಇನ್ನೊಂದ್ ಅತ್ತು ಕಾರ್ಡು ಕೊಡು. ಈ ಬೀದಿಯೋರ್ನ ನಾನೇ ಓಗಿ ಕರೀತೀನಿ.”