ಕೊಪ್ಪದಲ್ಲಿ ಕೂ ಹಾಕುವ ಹಾಗಿಲ್ಲ

ಪಿಕಪ್ಪಿನ ಹಿಂದೆ ಬೀರು ಏರಿಸಿ, ಹಗ್ಗ ಬಿಗಿಯುತ್ತಿದ್ದೆ. ಅಷ್ಟರಲ್ಲಿ ನನ್ನ ಮಗಳು ಅಂಗಳದ ತುದಿಗೆ ಹೋಗಿ ನಿಂತು ಕೂ ಹಾಕಿದಳು. ಉದ್ದಕ್ಕೆ ಒಂದು ಕೂ ಹಾಕಿದ್ದರೆ ತೊಂದರೆ ಇರಲಿಲ್ಲ. ತುಂಡು ತುಂಡಾಗಿ, ‘ಕೂ, ಕೂ, ಕೂ’ ಅಂತ ಹಾಕಿದಳು. ನನ್ನ ಕೈಯಲ್ಲಿದ್ದ ಹಗ್ಗ ಹಾಗೇ ಜಾರಿತು. ಪಿಕಪ್ ಡ್ರೈವರ್ ಮಂಜ ಕೊಪ್ಪದವನು, ಅವನಿಗೆ ಏನೂ ಗೊತ್ತಾಗಲಿಲ್ಲ. ‘ಆಡ್ಕೊಳ್ಲಿ ಬಿಡಾ, ಹಗ್ಗ ಎಳಿ’ ಅಂದ. ‘ಆಟ ಅಲ್ಲ ಮಾರಾಯ, ಈಗ ಊರೇ ಬತ್ತದೆ ನೋಡು’ ಅಂದೆ. ಅವನು ನಕ್ಕ. ಊರಲ್ಲಿ ಎಲ್ಲಿದ್ದಾರೆ ಜನ ಅಂತ ಸುತ್ತ ನೋಡಿದ.

ಅವನು ನಕ್ಕದ್ದರಲ್ಲಿ ತಪ್ಪಿಲ್ಲ. ನಮ್ಮೂರು ನರಸಿಂಹರಾಜಪುರ ತಾಲ್ಲೂಕಿನಲ್ಲಿ ಉತ್ತರದ ಕೊನೆ, ಭದ್ರಾ ಹಿನ್ನೀರಿನ ದಂಡೆ. ಮನೆಗಳು ಅಲ್ಲೊಂದು, ಇಲ್ಲೊಂದು. ನಡುವೆ ನೀರು ಬೆರಳು ಬೆರಳಾಗಿ ಒಳಗೆ ನುಗ್ಗಿದೆ. ಎದುರಿನ ಮನೆ ಕಣ್ಣಿಗೆ ಕಾಣುತ್ತದೆ, ಅವರು ಒಲೆ ಹಚ್ಚಿದ್ದೂ ಹೊಗೆಯಿಂದ ಗೊತ್ತಾಗುತ್ತದೆ. ಆದರೆ ಅಲ್ಲಿಗೆ ನಡೆದು ಹೋಗಬೇಕೆಂದರೆ ನೀರಿನ ಸುತ್ತ ಹೋಗಬೇಕು. ಕಾಫಿಗೆ ಅಂತ ಹೊರಟವನು ಮುಟ್ಟುವುದು ಊಟದ ಹೊತ್ತಿಗೆ. ಫೋನು ಇದೆ, ಸಿಗ್ನಲ್ ಇಲ್ಲ. ಅದಕ್ಕೇ ನಮ್ಮಲ್ಲಿ ಎಲ್ಲದಕ್ಕೂ ಕೂ. ಬೆಳಗ್ಗೆ ಎದ್ದವರು ಉದ್ದಕ್ಕೆ ಒಂದು ಕೂ ಹಾಕಿದರೆ ‘ನಾವು ಆರಾಮ, ನೀವು ಹೇಗೆ’ ಅಂತ ಅರ್ಥ. ಆಚೆಯಿಂದ ತಿರುಗಿ ಕೂ ಬರಲೇಬೇಕು. ಬರದಿದ್ದರೆ ಏನೋ ಆಗಿದೆ ಅಂತ ದೋಣಿ ಬಿಚ್ಚುತ್ತಾರೆ. ಆಚೆ ದಡ ಮುಟ್ಟಿದವರು ಮುಟ್ಟಿದೆ ಅಂತ ಕೂ ಹಾಕಬೇಕು, ಈಚೆಯವರು ಸರಿ ಅಂತ ಹಾಕಬೇಕು. ತುಂಡು ತುಂಡು ಕೂ ಮಾತ್ರ ಸುಮ್ಮನೆ ಹಾಕುವುದಲ್ಲ. ಹಾವು ಕಚ್ಚಿದರೆ, ಯಾರಾದರೂ ನೀರಿಗೆ ಬಿದ್ದರೆ, ಆನೆ ಬಂದರೆ. ಅದು ಕೇಳಿದ ಮೇಲೆ ಕೈಯಲ್ಲಿರುವ ಕೆಲಸ ಬಿಟ್ಟು ಓಡಿ ಬರಬೇಕು.

ನಾನು ಯಾರಿಗೂ ಹೇಳದೆ ಹೊರಟಿದ್ದೆ. ಹೇಳಿ ಹೋಗುವುದೆಂದರೆ ನನಗೆ ಆಗುವುದಿಲ್ಲ. ಒಂದೊಂದು ಮನೆಗೂ ಹೋಗಬೇಕು, ಕಾಫಿ ಕುಡಿಯಬೇಕು, ‘ಎಂತಕ್ಕೆ ಹೋಗ್ತೀರಿ’ ಅಂದರೆ ಮೊದಲಿಂದ ಕಥೆ ಹೇಳಬೇಕು. ಅವರ ಕಣ್ಣಲ್ಲಿ ನೀರು, ನಮ್ಮ ಕಣ್ಣಲ್ಲಿ ನೀರು. ಇದೆಲ್ಲ ಯಾಕೆ? ಹೋಗುವವರು ಹೋಗಬೇಕು ಅಷ್ಟೆ. ಆಮೇಲೆ ಗೊತ್ತಾದಾಗ ಬೈದುಕೊಳ್ಳಲಿ, ನಮಗೆ ಕೇಳುವುದಿಲ್ಲವಲ್ಲ ಅಂತ ಲೆಕ್ಕ ಹಾಕಿದ್ದೆ. ನನ್ನ ಹೆಂಡತಿ ಸವಿತಾ ಬೇಡ ಅಂದಿದ್ದಳು. ‘ಚಂದ್ರಕ್ಕಂಗಾದ್ರೂ ಹೇಳಿ’ ಅಂದಿದ್ದಳು. ನಾನು ಕೇಳಲಿಲ್ಲ.

ಮೊದಲು ಬಂದವಳು ಚಂದ್ರಕ್ಕನೇ. ಎದುರು ದಡದವಳು, ಒಬ್ಬಳೇ ದೋಣಿ ಹಾಕಿಕೊಂಡು ಬಂದಳು. ಕೈಯಲ್ಲಿ ಕತ್ತಿ. ಹಿಂದಿನಿಂದ ಗುಡ್ಡ ಇಳಿದು ದೇವಣ್ಣ ದೊಣ್ಣೆ ಹಿಡಿದುಕೊಂಡು ಬಂದ, ಅವನ ಹಿಂದೆ ಅವನ ಹೆಂಡತಿ, ಅವಳ ಹಿಂದೆ ಅವರ ನಾಯಿ. ದೇವಣ್ಣನ ಮುಖದ ಅರ್ಧಕ್ಕೆ ಸೋಪಿನ ನೊರೆ ಇತ್ತು.

‘ಎಲ್ಲಿ ಹಾವು?’ ಅಂದ ಬಂದವನೇ.

‘ಹಾವಿಲ್ಲ ದೇವಣ್ಣ’ ಅಂದೆ.

‘ಮತ್ತೆ ಯಾರು ಬಿದ್ದದ್ದು?’

‘ಯಾರೂ ಬಿದ್ದಿಲ್ಲ.’

ಅವನು ಪಿಕಪ್ ನೋಡಿದ, ಬೀರು ನೋಡಿದ, ಗ್ರೈಂಡರ್ ನೋಡಿದ. ಕೊನೆಗೆ ನನ್ನ ಮುಖ ನೋಡಿದ. ಚಂದ್ರಕ್ಕ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ‘ಓಹೋ. ಹೆಣ ಹೊರಡ್ತದೆ ಅಂತಾದ್ರೂ ಹೇಳಿ ಕಳಿಸ್ತಾರೆ ಮಾರಾಯ. ನೀನು ಜೀವಂತ ಇದ್ದೋನು ಹೇಳ್ದೆ ಹೊಂಟೀಯಲ್ಲ’ ಅಂದಳು. ನಾನು ಹಗ್ಗ ಬಿಗಿಯುತ್ತಲೇ ಇದ್ದೆ. ಬಿಗಿಯುವಷ್ಟು ಹಗ್ಗ ಉಳಿದಿರಲಿಲ್ಲ, ಆದರೂ ಬಿಗಿದೆ. ಮಗಳು ಚಂದ್ರಕ್ಕನ ಸೊಂಟ ಏರಿ ಕೂತು ನಗುತ್ತಿದ್ದಳು. ಕೂ ಹಾಕಿದರೆ ಎಲ್ಲರೂ ಬಂದರು, ಅವಳಿಗೆ ಇನ್ನೇನು ಬೇಕು?

ಹೊರಟದ್ದೇ ಈ ಕೂ ಕಾರಣಕ್ಕೆ. ಮಗಳಿಗೆ ಎರಡೂವರೆ ವರ್ಷ. ಹೆಸರು ಸಾನ್ವಿ. ಹೆಸರು ಸವಿತಾ ತವರಿನಲ್ಲಿದ್ದಾಗ ಫೋನಿನಲ್ಲಿ ಹುಡುಕಿದ್ದು. ನನಗೆ ಇವತ್ತಿಗೂ ಅರ್ಥ ಗೊತ್ತಿಲ್ಲ. ಚಂದ್ರಕ್ಕ ‘ಸಾನಿ’ ಅನ್ನುತ್ತಾಳೆ, ನಾನು ‘ಏ’ ಅನ್ನುತ್ತೇನೆ. ಮಗು ಎಲ್ಲದಕ್ಕೂ ತಿರುಗುತ್ತದೆ, ಆದರೆ ಮಾತಿಲ್ಲ. ಅಮ್ಮ ಇಲ್ಲ, ಅಪ್ಪ ಇಲ್ಲ, ಬೇಕು ಇಲ್ಲ, ಬೇಡ ಇಲ್ಲ. ಹಸಿವಾದರೆ ಕೂ, ನಿದ್ದೆ ಬಂದರೆ ಕೂ. ಊರಲ್ಲಿ ಇನ್ನೊಂದು ಮಗು ಇಲ್ಲ. ನಾನು ತೋಟಗಳಲ್ಲಿ ಕಳೆ ಹೊಡೆಯುವ ಮಷಿನ್ ಹಿಡಿಯುವವನು. ಇಡೀ ದಿನ ಕಿವಿಯ ಪಕ್ಕ ಅದು ಗುರ್ ಅನ್ನುತ್ತಿರುತ್ತದೆ. ಮನೆಗೆ ಬಂದ ಮೇಲೆ ನನಗೂ ಮಾತು ಬೇಡ. ಸವಿತಾ ಒಬ್ಬಳೇ ಎಷ್ಟು ಅಂತ ಮಾತಾಡುತ್ತಾಳೆ? ಮಗು ಕೇಳಿದ್ದು ಕೂ, ಕಲಿತದ್ದು ಕೂ.

ಶೃಂಗೇರಿಯ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಮಗುವಿನ ಕಿವಿಯ ಹಿಂದೆ ಗಿಲಕಿ ಆಡಿಸಿದರು, ಬಾಯಿಗೆ ಟಾರ್ಚ್ ಹಾಕಿದರು. ‘ಮಗು ಸರಿ ಇದೆ. ಮಾತಾಡೋ ಮಕ್ಕಳ ಜೊತೆ ಬಿಡಿ. ತಡ ಮಾಡ್ಬೇಡಿ, ತಡ ಆದಷ್ಟೂ ಕಷ್ಟ’ ಅಂದರು. ಅಷ್ಟಕ್ಕೆ ಬಿಡದೆ ನನ್ನ ಕಡೆ ತಿರುಗಿ, ‘ನೀವು ಮನೇಲಿ ಮಾತಾಡ್ತೀರಾ?’ ಅಂತ ಕೇಳಿದರು. ನಾನು ಹೂಂ ಅಂದೆ. ‘ಇಷ್ಟೇನಾ?’ ಅಂದರು. ಸವಿತಾ ಬಸ್ಸಿನಲ್ಲಿ ಇಡೀ ದಾರಿ ಆಚೆ ನೋಡಿಕೊಂಡು ಕೂತಿದ್ದಳು. ಬಾಳೆಹೊನ್ನೂರು ದಾಟಿದ ಮೇಲೆ ‘ಮಗು ಹಿಂಗೇ ಉಳಿದ್ರೆ?’ ಅಂದಳು. ಕೊಪ್ಪದಲ್ಲಿ ಮನೆ ಹುಡುಕಿದ್ದು ಅದಕ್ಕೇ.

ಕೊಪ್ಪದ ಮನೆ ಅಂದರೆ ಉದ್ದಕ್ಕೆ ಸಾಲು ಮನೆ, ನಮ್ಮದು ನಡುವಿನದ್ದು. ಆ ಕಡೆ ಗೋಡೆ ಅವರದ್ದೂ ಹೌದು, ನಮ್ಮದೂ ಹೌದು. ಅವರು ಕೆಮ್ಮಿದರೆ ನಮಗೆ ಕೆಮ್ಮು ಬಂದ ಹಾಗೆ ಆಗುತ್ತದೆ. ಪಕ್ಕದ ಮನೆಯ ಕುಕ್ಕರ್ ಕೂಗಿದ್ದಕ್ಕೆ ಸವಿತಾ ನಮ್ಮ ಗ್ಯಾಸ್ ಆರಿಸುತ್ತಿದ್ದಳು, ಒಂದು ವಾರ ಅರೆ ಬೆಂದ ಅನ್ನ ತಿಂದೆವು. ಎದುರು ಮನೆ ಓನರ್ ಸುಶೀಲಮ್ಮನವರದ್ದು. ಒಳ್ಳೆಯವರೇ, ಸುಳ್ಳು ಹೇಳಬಾರದು. ಬಂದ ದಿನ ಸಾರು ಕೊಟ್ಟರು. ಆದರೆ ಅವರಿಗೆ ಸದ್ದು ಆಗುವುದಿಲ್ಲ. ಚಪ್ಪಲಿ ಎಳೆದರೂ ತಲೆ ನೋಯುತ್ತದಂತೆ.

ಮೊದಲ ದಿನ ಬೆಳಗ್ಗೆ ಮಗಳು ಬಾಗಿಲಿಗೆ ಹೋಗಿ ನಿಂತು ಉದ್ದಕ್ಕೆ ಕೂ ಹಾಕಿದಳು. ಆಮೇಲೆ ಕಾದಳು. ಪಕ್ಕದ ಮನೆಯ ಕುಕ್ಕರ್ ಕೂಗಿತು. ಅವಳ ಮುಖ ಅರಳಿತು ನೋಡಿ! ಇನ್ನೊಂದು ಹಾಕಿದಳು. ಕುಕ್ಕರ್ ಇನ್ನೊಮ್ಮೆ ಕೂಗಿತು. ಇಷ್ಟು ಬೇಗ ಇಲ್ಲಿ ಜನ ಸಿಕ್ಕಿದರಲ್ಲ ಅಂತ ಕುಣಿದಳು. ಅಷ್ಟರಲ್ಲಿ ಪಕ್ಕದವರು ಗ್ಯಾಸ್ ಆರಿಸಿದರು. ಇವಳು ಹಾಕುತ್ತಲೇ ಇದ್ದಳು. ಆಚೆಯಿಂದ ಏನೂ ಬರಲಿಲ್ಲ. ನಮ್ಮೂರಿನಲ್ಲಿ ಹಾಗಾದರೆ ಏನೋ ಆಗಿದೆ ಅಂತ ಅಲ್ಲವೇ, ಅದಕ್ಕೆ ಅವಳು ತುಂಡು ತುಂಡು ಕೂ ಶುರು ಮಾಡಿದಳು. ಸಾಲಿನ ಎಲ್ಲ ಬಾಗಿಲೂ ತೆರೆದುಕೊಂಡವು. ಸುಶೀಲಮ್ಮ ಟವೆಲ್ಲಿನಲ್ಲಿ ತಲೆ ಸುತ್ತಿಕೊಂಡೇ ಬಂದರು.

‘ಎಂತದ್ರೀ ಇದು, ಬೆಳಗಾಗೆದ್ದು ನರಿ ಕೂಗಿದ ಹಾಗೆ?’

‘ಮಗು ಮೇಡಂ’ ಅಂದೆ.

‘ಮಗು ಅಂತ ಕಾಣ್ತದೆ. ಯಾಕೆ ಹಾಗೆ ಕೂಗ್ತದೆ?’

‘ನೀವು ಆರಾಮಿದ್ದೀರಾ ಅಂತ ಕೇಳ್ತಾ ಇದೆ.’

ನಿಜವನ್ನೇ ಹೇಳಿದ್ದು. ತಮಾಷೆ ಮಾಡುತ್ತಿದ್ದೇನೆ ಅಂತ ಅವರು ತಿಳಿದುಕೊಂಡರು. ‘ಆರಾಮಿದ್ದೆ, ಇಷ್ಟೊತ್ತು’ ಅಂತ ಹೇಳಿ ಹೋದರು.

ಹಾಗಂತ ಅವರು ಮಗುವಿಗೆ ಬೈದವರಲ್ಲ. ಮಗು ಬಾಯಿ ತೆರೆದ ಕೂಡಲೇ ಬರುತ್ತಿದ್ದರು, ತುಟಿಯ ಮೇಲೆ ಬೆರಳಿಟ್ಟು ‘ಶ್, ಮೆಲ್ಗೆ ಪುಟ್ಟ, ಮೆಲ್ಗೆ’ ಅನ್ನುತ್ತಿದ್ದರು. ಸುಮ್ಮನಾದರೆ ಬಿಸ್ಕತ್ತು ಕೊಡುತ್ತಿದ್ದರು. ನಾನೂ ಹಾಗೇ ಮಾಡಿದೆ. ಬಿಸ್ಕತ್ತು ಕೊಡಲಿಲ್ಲ, ಅಷ್ಟೇ ವ್ಯತ್ಯಾಸ. ಖಾಲಿ ಮಾಡಿ ಅಂದರೆ ಇನ್ನೊಂದು ಮನೆ ಎಲ್ಲಿ ಅಂತ ಹುಡುಕಲಿ? ಮಗು ಕುಕ್ಕರಿಗೆ, ಬಸ್ಸಿನ ಹಾರನ್ನಿಗೆ, ಮೀನಿನವನಿಗೆ ಎಲ್ಲರಿಗೂ ಕೂ ಹಾಕಿ ನೋಡಿತು. ಮೀನಿನವನೊಬ್ಬ ಗಾಡಿ ನಿಲ್ಲಿಸಿದ, ಆದರೆ ಅವನು ಬಂದದ್ದು ಬಂಗುಡೆ ಬೇಕಾ ಅಂತ ಕೇಳಲು. ಆಮೇಲೆ ನಿಧಾನವಾಗಿ ಕೂ ಕಡಿಮೆಯಾಯಿತು. ಒಂದು ದಿನ ಪೂರ್ತಿ ನಿಂತಿತು.

ಅಂಗನವಾಡಿಗೆ ಹಾಕಿದೆವು. ಅಲ್ಲಿ ಮಕ್ಕಳು ಕಿವಿ ಹರಿದು ಹೋಗುವಷ್ಟು ಮಾತಾಡುತ್ತಾರೆ. ಇವಳು ಕಿಟಕಿಯ ಸರಳು ಹಿಡಿದು ನಿಲ್ಲುತ್ತಾಳಂತೆ. ‘ತುಂಬ ಒಳ್ಳೆ ಮಗು, ಸದ್ದೇ ಇಲ್ಲ’ ಅಂದರು ಟೀಚರು. ಅವತ್ತು ಸವಿತಾ ಅನ್ನಕ್ಕೆ ಇಡಲಿಲ್ಲ. ‘ಮಾತು ಬರ್ಲಿ ಅಂತ ಬಂದ್ವಿ. ಇದ್ದಿದ್ದೂ ಹೋಯ್ತಲ್ರೀ’ ಅಂದಳು. ‘ಬತ್ತದೆ ತಗಾ’ ಅಂದೆ. ‘ನಿಮಗೆಂತ ಗೊತ್ತು? ಆ ಮಷಿನ್ನಿಗೆ ಬೇಕಾದ್ರೆ ಹೇಳಿ, ಬತ್ತದೆ ಅಂತ’ ಅಂದಳು. ನಾನು ಎದ್ದು ಹೊರಗೆ ಬಂದೆ. ಸಿಟ್ಟು ಬಂದಾಗ ಗುಡ್ಡ ಹತ್ತುವುದು ನನಗೆ ಅಭ್ಯಾಸ. ಇಲ್ಲಿ ಹೊರಗೆ ಬಂದರೆ ಸುಶೀಲಮ್ಮನ ತುಳಸಿಕಟ್ಟೆ. ಅಲ್ಲಿಗೆ ಮುಗಿಯಿತು. ಅದರ ಪಕ್ಕ ನಿಂತು ಒಳಗೆ ಬಂದೆ.

ಮಾತು ಬಂತು. ಒಂದು ಭಾನುವಾರ ನಾನು ಕಳೆ ಮಷಿನ್ನನ್ನು ಬಾಗಿಲಲ್ಲಿ ಇಟ್ಟುಕೊಂಡು, ಕಾರ್ಬುರೇಟರ್ ಬಿಚ್ಚಿ ಕಟ್ಟಿ, ಸರಿ ಆಯಿತಾ ನೋಡಲು ಹಗ್ಗ ಎಳೆದೆ. ಗುರ್ ಅಂತು. ಹಿಂದಿನಿಂದ ಯಾರೋ ನನ್ನ ಅಂಗಿ ಎಳೆದರು. ತಿರುಗಿದರೆ ಮಗಳು. ತುಟಿಯ ಮೇಲೆ ಬೆರಳು. ‘ಮೆಲ್ಗೆ’ ಅಂದಳು. ಸ್ಪಷ್ಟವಾಗಿ, ಒಂದಕ್ಷರವೂ ತೊದಲದೆ.

ನಾನು ಮಷಿನ್ ಆರಿಸಿದೆ. ಸವಿತಾ ಒಳಗಿಂದ ಸೌಟು ಹಿಡಿದೇ ಓಡಿ ಬಂದಳು, ‘ಇನ್ನೊಂದು ಸಲ ಹೇಳು’ ಅಂದಳು. ‘ಮೆಲ್ಗೆ’ ಅಂದಳು ಮಗಳು, ಈ ಸಲ ಅಮ್ಮನಿಗೆ. ಸವಿತಾ ಅತ್ತಳು, ನಕ್ಕಳು, ಸುಶೀಲಮ್ಮನಿಗೆ ಹೇಳಲು ಓಡಿದಳು. ಸುಶೀಲಮ್ಮ ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದರು. ನನಗೂ ಖುಷಿಯೇ. ಆದರೆ ಬೇರೆಯವರ ಮಕ್ಕಳು ಮೊದಲು ಅಪ್ಪ ಅನ್ನುತ್ತವೆ. ನನ್ನದು ನನಗೆ ಮೊದಲು ಹೇಳಿದ್ದು ಬಾಯಿ ಮುಚ್ಚು ಅಂತ. ಮೊದಲೇ ಮಾತಾಡದವನಿಗೆ ಅದನ್ನು ಹೇಳಬೇಕಾಗಿರಲಿಲ್ಲ. ಆಮೇಲೆ ದಿನಕ್ಕೊಂದು ಮಾತು ಬಂತು. ಬಾಗಿಲು ಹಾಕಿ, ಲೈಟ್ ಆರ್ಸಿ, ಚಪ್ಪಲಿ ಹೊರಗೆ. ಎಲ್ಲ ಸುಶೀಲಮ್ಮನ ಧಾಟಿಯಲ್ಲೇ. ಮನೆಯಲ್ಲಿ ಒಬ್ಬರು ಸಣ್ಣ ಓನರ್ ಇದ್ದ ಹಾಗೆ.

ಮಳೆಗೆ ಮೊದಲು ಊರಿನ ಮನೆಯ ಸೂರಿನ ಶೀಟು ಬಿಚ್ಚಿ ತರಬೇಕಾಯಿತು. ಬಿಟ್ಟರೆ ಗಾಳಿಗೆ ಹಾರುತ್ತದೆ, ಬಾಳೆಹೊನ್ನೂರಿನ ಒಬ್ಬರಿಗೆ ಕೊಟ್ಟಿಗೆಗೆ ಬೇಕಾಗಿತ್ತು. ಮಂಜನ ಪಿಕಪ್ಪಿನಲ್ಲೇ ಹೋದೆವು. ಅಂಗನವಾಡಿಗೆ ರಜೆ, ಸವಿತಾಗೆ ಜ್ವರ, ಅದಕ್ಕೆ ಮಗಳನ್ನು ನಾನೇ ಕರೆದುಕೊಂಡು ಹೋದೆ. ಮಧ್ಯಾಹ್ನದ ಹೊತ್ತಿಗೆ ಶೀಟೆಲ್ಲ ಇಳಿಯಿತು. ಶೀಟಿಲ್ಲದ ಮನೆ ಇಷ್ಟು ಸಣ್ಣದಾಗಿ ಕಾಣುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಇಷ್ಟರಲ್ಲಿ ಮೂವರು ಎಲ್ಲಿ ಮಲಗುತ್ತಿದ್ದಿರಿ ಅಂತ ಮಂಜ ಕೇಳಿದ. ಶೀಟು ಸರಿಯಾಗಿ ಇಡು ಅಂದೆ.

ಆಗ ಎದುರು ದಡದಿಂದ ಕೂ ಬಂತು. ಉದ್ದಕ್ಕೆ ಒಂದು. ಶೀಟಿನ ಸದ್ದು ಕೇಳಿ ಚಂದ್ರಕ್ಕ ಹೊರಗೆ ಬಂದಿದ್ದಳು. ನಾನು ಮಗಳನ್ನು ನೋಡಿದೆ. ಹಾಕಲಿ, ಒಂದು ಹಾಕಿದರೆ ಸಾಕು ಅಂತ ಕಾದೆ. ಅವಳು ನೀರಿನ ಕಡೆ ತಿರುಗಿದಳು, ತುಟಿಯ ಮೇಲೆ ಬೆರಳಿಟ್ಟಳು. ‘ಶ್! ಯಾರದು ಗಲಾಟೆ? ಮೆಲ್ಗೆ!’ ಅಂದಳು.

ಉತ್ತರ ಹೋಗಲಿಲ್ಲ, ಅದಕ್ಕೆ ಚಂದ್ರಕ್ಕ ದೋಣಿ ಬಿಚ್ಚಿಕೊಂಡು ಬಂದಳು. ಬಂದವಳು ಮಗಳನ್ನು ಎತ್ತಿಕೊಂಡಳು. ‘ಎಲ್ಲಿ ಸಾನಿ, ಒಂದು ಕೂ ಹಾಕೇ ನಂಗೆ’ ಅಂದಳು. ಮಗಳು ಅವಳ ಬಾಯಿಯ ಮೇಲೆ ಬೆರಳಿಟ್ಟು ‘ಮೆಲ್ಗೆ’ ಅಂದಳು. ಚಂದ್ರಕ್ಕ ಬೆಚ್ಚಿ ನನ್ನ ಮುಖ ನೋಡಿದಳು. ‘ಮಾತು ಬಂತನಾ?’

‘ಬಂತು’ ಅಂದೆ.

‘ಅಷ್ಟೇ ಬೇಕಾಗಿತ್ತು ಮಾರಾಯ. ಅದಕ್ಕೇ ಅಲ್ವ ಹೋಗಿದ್ದು’ ಅಂದಳು. ಸೆರಗಿನಲ್ಲಿ ಮಗುವಿನ ಮೂಗು ಒರೆಸಿದಳು. ಆಮೇಲೆ ಮನೆಯ ಒಳಗೆ ಹೋಗಿ ಮೇಲೆ ಆಕಾಶ ನೋಡಿದಳು. ‘ಗೋಡೆ ಇರ್ತದಲ್ಲ, ಇರ್ಲಿ’ ಅಂದಳು. ಈ ಸಲ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅವಳು ದೋಣಿ ಹತ್ತಿ ಹೋದಳು. ನಾವು ಶೀಟಿಗೆ ಹಗ್ಗ ಬಿಗಿದೆವು. ಆಚೆ ದಡ ಮುಟ್ಟಿದ ಮೇಲೆ ಅವಳು ಮುಟ್ಟಿದೆ ಅಂತ ಕೂ ಹಾಕಿದಳು. ನಾನು ತಿರುಗಿ ಹಾಕಬೇಕು. ಬಾಯಿಗೆ ಕೈ ಅಡ್ಡ ಇಟ್ಟೆ, ಉಸಿರು ಎಳೆದೆ. ಎಳೆದವನು ಹಿಂದೆ ಮುಂದೆ ನೋಡಿದೆ, ಯಾರಾದರೂ ಬಾಗಿಲು ತೆಗೆದು ಬರುತ್ತಾರೋ ಅಂತ. ಗುಡ್ಡ ಬಿಟ್ಟರೆ ಅಲ್ಲಿ ಏನಿದೆ? ಆದರೂ ಸ್ವರ ಏಳಲಿಲ್ಲ. ಪೇಟೆಯವರ ಹಾಗೆ ಕೈ ಎತ್ತಿ ಬೀಸಿದೆ. ಅಷ್ಟು ದೂರದಿಂದ ಕೈ ಯಾರಿಗೆ ಕಾಣುತ್ತದೆ? ಅವಳು ಇನ್ನೊಂದು ಹಾಕಿದಳು. ನಾನು ಮಗಳನ್ನು ಎತ್ತಿ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿ, ಮಂಜನಿಗೆ ಗಾಡಿ ಬಿಡು ಅಂದೆ.

ಇಷ್ಟೇ. ನನ್ನ ಹತ್ತಿರ ಇನ್ನೇನೂ ಇಲ್ಲ ಹೇಳಲು.