ಮುಚ್ಚಿದ ಮೋಟಾರಿಗೆ ನಾಲ್ಕು ಮಂದಿಯ ಅಭಿಪ್ರಾಯ

ನಮ್ಮ ಹುಬ್ಬಳ್ಳಿಯಲ್ಲಿ ನೆರೆಮನೆಗೆ ಹೋಗಿ ಒಂದು ಹಿಡಿ ಸಕ್ಕರೆ ಕೇಳಿ ನೋಡಿ. ಡಬ್ಬಿ ಅವತ್ತೇ ಬೆಳಿಗ್ಗೆ ಖಾಲಿಯಾಗಿರುತ್ತದೆ. ಅದೇ ಮನೆಗೆ ಹೋಗಿ ಒಂದು ಅಭಿಪ್ರಾಯ ಕೇಳಿ. ಹಾಸಿಗೆ ಹಿಡಿದ ಅಜ್ಜಿಯೂ ಎದ್ದು ಬಂದು ಕೊಡುತ್ತಾಳೆ. ನಾನು ವಕೀಲ. ಇಪ್ಪತ್ತು ವರ್ಷದಿಂದ ಅಭಿಪ್ರಾಯ ಮಾರಿಯೇ ಹೊಟ್ಟೆ ಹೊರೆದವ. ಮಾರುವವನಿಗೆ ಪುಕ್ಕಟೆ ಸರಕಿನ ಗುಣ ಗೊತ್ತಿರಬೇಕಾಗಿತ್ತು. ಆದರೂ ಬುದ್ಧಿಗೇಡಿಯಂತೆ ಕೇಳಿದೆ. ಕೇಳಿದ್ದು ಒಂದು ಮೋಟಾರಿನ ವಿಷಯ. ತಿಳಿದದ್ದು ನನ್ನ ವಿಷಯ. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನನ್ನ ಹತ್ತಿರ ಹನ್ನೊಂದು ವರ್ಷದ ಒಂದು ತೆರೆದ ಮೋಟಾರಿತ್ತು. ಮೇಲೆ ಮಡಚುವ ಕ್ಯಾನ್ವಾಸು, ಬದಿಗೆ ಬರೀ ಗಾಳಿ. ವಾರಕ್ಕೆ ಮೂರು ದಿನ ಅದರಲ್ಲಿ ಧಾರವಾಡದ ಕೋರ್ಟಿಗೆ ಹೋಗುತ್ತಿದ್ದೆ. ಕರೀ ಕೋಟು ತೊಟ್ಟು ಮನೆ ಬಿಟ್ಟವನು ಧಾರವಾಡ ಮುಟ್ಟುವ ಹೊತ್ತಿಗೆ ಕಾವಿ ತೊಟ್ಟ ಸ್ವಾಮಿಯಾಗಿ ಇಳಿಯುತ್ತಿದ್ದೆ. ಅಷ್ಟು ಧೂಳು. ಮಳೆಗಾಲದಲ್ಲಿ ಕಕ್ಷಿದಾರರ ಕಾಗದಪತ್ರವನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಹೋಗಬೇಕು. ನನ್ನ ಹೆಂಡತಿಯಂತೂ ವರ್ಷಕ್ಕೆ ಎರಡು ಸಲ ಹತ್ತಿದರೆ ಹೆಚ್ಚು. ಹತ್ತಿದಾಗಲೂ ಸೆರಗನ್ನು ತಲೆಯ ಮೇಲೆ ಎಳೆದು ಎರಡೂ ಕೈಯಿಂದ ಹಿಡಿದುಕೊಂಡು, ಇಳಿಯುವವರೆಗೂ ಬಾಯಿ ಬಿಡುತ್ತಿರಲಿಲ್ಲ. ಇಳಿದ ಮೇಲೆ ಎಲ್ಲವನ್ನೂ ಸೇರಿಸಿ ಬಿಡುತ್ತಿದ್ದಳು.

ಆದರೆ ಈ ಗಾಡಿಗೆ ಇನ್ನೊಂದು ಬಾಳುವೆ ಇತ್ತು. ಲಗ್ನದ ದಿನ ಬಂದರೆ ಅದು ನನ್ನದಲ್ಲ, ಊರಿನದು. ನಮ್ಮ ಕಡೆ ಮದುಮಗ ಮೆರವಣಿಗೆಯಲ್ಲಿ ಬರಬೇಕು, ಬಂದದ್ದು ಹತ್ತು ಮಂದಿಗೆ ಕಾಣಬೇಕು. ಕುದುರೆ ಹಳೆಯದಾಯಿತು, ಈಗ ಮೋಟಾರು. ನಮ್ಮ ಓಣಿಯ ಸುತ್ತಮುತ್ತ ತೆರೆದ ಮೋಟಾರು ಇದ್ದದ್ದು ನನ್ನದೊಂದೇ. ಹೀಗಾಗಿ ಮುಹೂರ್ತ ಗೊತ್ತಾದ ಮರುದಿನವೇ ಮನೆಯ ಹಿರಿಯರು ಜೋಡಿಯಾಗಿ ಬಂದು, ದೇವರಿಗಿಟ್ಟ ಮೇಲಿನ ಮೊದಲ ಅಕ್ಷತೆ ನನಗೇ ಕೊಟ್ಟು, “ವಕೀಲಸಾಹೇಬ್ರ, ನೀವಿಲ್ಲದ ಲಗ್ನ ಲಗ್ನ ಏನ್ರಿ?” ಅನ್ನುತ್ತಿದ್ದರು. ನಾನು ಮುಂದಿನ ಸೀಟಿನಲ್ಲಿ, ಹಿಂದೆ ಹೂವಿನೊಳಗೆ ಮುಳುಗಿದ ಮದುಮಗ. ಗಾಡಿ ಬಾಜಾದವರ ಹಿಂದೆ ನಡೆಯುವ ವೇಗದಲ್ಲಿ ಸಾಗಬೇಕು. ನಾನು ಹೊಡೆದರೆ ಎರಡು ಮಾರಿಗೊಮ್ಮೆ ಜಿಗಿದು ನಿಲ್ಲುತ್ತದೆ. ಆದ್ದರಿಂದ ಅವತ್ತು ಹೊಡೆಯಲು ನಮ್ಮ ಮೋಟಾರು ರಿಪೇರಿಯ ಮಿಸ್ತ್ರಿ ಹಸನಸಾಬ ಬರುತ್ತಿದ್ದ. ದಾರಿಯ ಎರಡೂ ಕಡೆ ಕಟ್ಟೆಯ ಮೇಲಿನ ಮಂದಿ ಕೈ ಮುಗಿಯುವರು, ನಾನೂ ಮುಗಿಯುವೆ. ಚಪ್ಪರದಲ್ಲಿ ಮೊದಲ ಸಾಲಿನಲ್ಲಿ ಒರಗಿ ಕೂಡುವ ಲೋಡು ನನಗೆ, ತಲೆಗೆ ರುಮಾಲು, ಕೈಗೆ ತೆಂಗಿನಕಾಯಿ. ಅಂಥ ರುಮಾಲು ನನ್ನ ಟ್ರಂಕಿನೊಳಗೆ ಹದಿನೆಂಟು ಇವೆ. ಕೋರ್ಟಿನಲ್ಲಿ ನಾನು ನಡುತರದ ವಕೀಲ ಎಂಬುದು ನನಗೆ ಗೊತ್ತಿತ್ತು. ಆದರೆ ಊರಿನಲ್ಲಿ ದೊಡ್ಡ ಮನುಷ್ಯ ಎಂದೇ ನಂಬಿದ್ದೆ.

ಹೀಗಿರುವಾಗ ಸ್ಟೇಶನ್ ರಸ್ತೆಯ ಮೋಟಾರು ಅಂಗಡಿಯಲ್ಲಿ ಆ ಗಾಡಿಯನ್ನು ಕಂಡೆ. ಸೆಡಾನ್ ಅಂತ ಅದರ ಜಾತಿಯ ಹೆಸರು. ನಮ್ಮ ಮಂದಿ ‘ಮುಚ್ಚಿದ ಗಾಡಿ’ ಅಂದರು, ಅದೇ ನಿಂತಿತು. ಗಿರಣಿ ಮಾಲಕರ ಹಡಗಿನಂಥದ್ದೂ ಅಲ್ಲ, ಡಾಕ್ಟರರ ಬೆಂಕಿಪೊಟ್ಟಣದಂಥದ್ದೂ ಅಲ್ಲ. ನನ್ನಂಥವನಿಗೇ ಅಳತೆ ಕೊಟ್ಟು ಹೊಲಿಸಿದಂತೆ ನಡುತರದ್ದು. ಬದನೆಕಾಯಿ ಬಣ್ಣ. ಬೆನ್ನು ಇಳಿಜಾರು. ನಾಲ್ಕೂ ಬಾಗಿಲಿಗೆ ಗಾಜು. ಹಿಡಿ ತಿರುಗಿಸಿದರೆ ಇಳಿಯುತ್ತದೆ, ಹಿಂದಕ್ಕೆ ತಿರುಗಿಸಿದರೆ ಏರುತ್ತದೆ. ಒಳಗೆ ಹೋಗಿ ಕೂತು ಬಾಗಿಲು ಎಳೆದುಕೊಂಡೆ. ಬಜಾರದ ಗದ್ದಲವೆಲ್ಲ ಒಮ್ಮೆಲೇ ಹೊರಗೆ ಉಳಿಯಿತು. ನಲವತ್ತಾರನೆಯ ವಯಸ್ಸಿನಲ್ಲಿ ಗಂಡಸಿಗೆ ಹೀಗೆ ಆಗಬಾರದು, ಆದರೆ ಆಯಿತು. ಮನಸ್ಸು ಅಲ್ಲೇ ಬಿದ್ದುಹೋಯಿತು. ಅಷ್ಟಕ್ಕೇ ಸುಮ್ಮನೆ ಕೊಂಡುಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ನಮ್ಮೂರಲ್ಲಿ ಬದನೆಕಾಯಿಯನ್ನೇ ಯಾರೂ ಒಬ್ಬರೇ ಕೊಳ್ಳುವುದಿಲ್ಲ, ಇನ್ನು ಬದನೆಕಾಯಿ ಬಣ್ಣದ ಮೋಟಾರು ಕೊಂಡಾರೆಯೇ?

ಮೊದಲು ಕೇಳಿದ್ದು ಬಾಜೂ ಮನೆಯ ವಿರೂಪಾಕ್ಷಪ್ಪನವರನ್ನು. ಅರಳೆ ವ್ಯಾಪಾರಸ್ಥರು, ದೊಡ್ಡ ಕುಳ. ಹೇಳಿ ಮುಗಿಸುವಷ್ಟರಲ್ಲಿ ಅವರ ಬಾಯಿಯ ಎಲೆ ಅಡಿಕೆ ನಿಂತಿತು.

“ಮುಚ್ಚಿದ್ದೇನ್ರಿ? ಮದುಮಗನ್ನ ಡಬ್ಬ್ಯಾಗ ಹಾಕಿ ಒಯ್ಯೂದೇನ್ರಿ? ಅಂವ ಬಂದದ್ದು ಯಾರಿಗೆ ಕಾಣಬೇಕು? ಬರೂ ವೈಶಾಖದಾಗ ನಮ್ಮ ಹುಡುಗನ ಲಗ್ನ ಐತಿ, ಮರತ್ರ್ಯಾ?”

“ಅಪ್ಪಾರ, ನಾನು ಗಾಡಿ ಕೊಳ್ಳೂದು ಕೋರ್ಟಿಗೆ ಹೋಗಾಕ,” ಎಂದೆ.

“ಕೋರ್ಟು ಎಲ್ಲಿ ಓಡಿ ಹೊಕ್ಕತಿ ಬಿಡ್ರಿ,” ಎಂದರು.

ಎರಡನೆಯವರು ನಮ್ಮ ಕೋರ್ಟಿನ ವಕೀಲ ಬಿಂದೂರಾಯರು. ನನ್ನಷ್ಟೇ ವಯಸ್ಸು, ನನಗಿಂತ ಎರಡು ಪಾಲು ನಾಲಿಗೆ. ಅವರು ಕೇಳಿದ ಕೂಡಲೇ ನನ್ನ ಕೈ ಹಿಡಿದುಕೊಂಡರು. “ತೊಗೊಂಡುಬಿಡ್ರಿ! ವಿಚಾರ ಏನ್ ಮಾಡ್ಲಿಕ್ಕೆ ಹತ್ತೀರಿ? ಆ ಹಳೇ ಗಾಡ್ಯಾಗ ನಿಮ್ಮನ್ನ ನೋಡಿದ್ರ ನಮಗ ಸಂಕಟ ಆಗ್ತದ. ನಿಮ್ಮ ಯೋಗ್ಯತಾಕ್ಕ ಅದು ಸಲ್ಲೂದಿಲ್ಲ.” ನನ್ನ ಯೋಗ್ಯತೆಯ ಮಾತು ಬಿಂದೂರಾಯರ ಬಾಯಿಂದ ಅದಕ್ಕೂ ಮೊದಲು ಬಂದದ್ದಿಲ್ಲ. ಆಗಲೇ ನಾನು ಎಚ್ಚರಾಗಬೇಕಿತ್ತು. ಆಗಲಿಲ್ಲ, ಉಬ್ಬಿದೆ.

ಮೂರನೆಯವನು ಹಸನಸಾಬ. ಕೇಶ್ವಾಪುರದ ಕಡೆ ಅವನದೊಂದು ತಗಡಿನ ಶೆಡ್ಡು. ನನ್ನ ಹಳೆಯ ಗಾಡಿ ಹನ್ನೊಂದು ವರ್ಷ ಉಸಿರು ಹಿಡಿದದ್ದು ಅವನ ಕೈಯಿಂದ. ಅಂಗಡಿಗೆ ಬಂದು ಬಾನೆಟ್ಟು ಎತ್ತಿ, ಕೆಳಗೆ ಮಲಗಿ ನೋಡಿ, ಎದ್ದು ಕೈ ಒರೆಸಿಕೊಂಡು ಹೇಳಿದ: “ಯಂತ್ರ ಛಲೋ ಐತ್ರಿ ಸಾಹೇಬ್ರ. ಮ್ಯಾಲಿನ ಅಂಗಿ ಬ್ಯಾರೆ, ಅಷ್ಟ. ನಿಮಗ ಬೇಕಂದ್ರ ತಗೋರಿ. ಹಳೇದಿದ್ರೂ ನಾ ನೋಡಕೋತೇನಿ, ಇದಿದ್ರೂ ನಾ ನೋಡಕೋತೇನಿ.” ಇದರಲ್ಲಿ ನನ್ನ ಹೊಗಳಿಕೆ ಒಂದು ಅಕ್ಷರವೂ ಇರಲಿಲ್ಲವಾದ್ದರಿಂದ ನಾನು ಇದನ್ನು ಅಭಿಪ್ರಾಯವೆಂದೇ ಎಣಿಸಲಿಲ್ಲ.

ಅಷ್ಟರಲ್ಲಿ ಸುದ್ದಿ ಓಣಿ ತುಂಬಿತು. ಒಂದು ಆದಿತ್ಯವಾರ ಐದು ಮಂದಿ ಹಿರಿಯರು, ಮುಂದೆ ವಿರೂಪಾಕ್ಷಪ್ಪನವರು, ನಮ್ಮ ಕಟ್ಟೆಗೆ ಬಂದು ಕೂತರು. ಮೋಟಾರಿನ ಮಾತು ಎತ್ತಲೇ ಇಲ್ಲ. ಬರೀ ನನ್ನ ಗುಣಗಾನ. ವಕೀಲಸಾಹೇಬರೆಂದರೆ ಓಣಿಯ ಕಳಸ, ಅವರು ಮುಂದೆ ಕೂತರೇ ಮೆರವಣಿಗೆಗೆ ಕಳೆ, ಅವರ ಮೋರೆ ಮುಚ್ಚಿದರೆ ಊರಿಗೇ ಕತ್ತಲೆ. ಚಹಾ ಎರಡು ಸುತ್ತು ಆಯಿತು. ಅವರು ಎದ್ದುಹೋದ ಮೇಲೆ ನಾನು ಒಳಗೆ ಬಂದು ಹೆಂಡತಿಗೆ, “ಕೇಳಿಸಿಕೊಂಡ್ಯಾ?” ಎಂದೆ.

ಆಕೆ ನಾಲ್ಕನೆಯವಳು. ಮೊದಲು ಕೇಳಬೇಕಾಗಿದ್ದವಳು. “ಕೇಳಿದೆ. ದೇವರನ್ನ ಹೊತ್ತ ಕತ್ತೆ, ಮಂದಿ ತನಗ ಕೈ ಮುಗೀತಾರ ಅಂದಕೊಂಡಿತ್ತಂತ. ಅವರು ನಿಮ್ಮ ಸಲುವಾಗಿ ಬಂದಿಲ್ಲ, ಗಾಡಿ ಸಲುವಾಗಿ ಬಂದಾರ. ಅದು ಹೋದ ಮರುದಿವಸ ನಿಮ್ಮನ್ನ ಒಬ್ಬರೂ ಕೇಳೂದಿಲ್ಲ, ಬೇಕಾದ್ರ ನೋಡ್ರಿ.”

ಹೊಗಳಿಕೆ ಇನ್ನೂ ಹೊಟ್ಟೆಯಲ್ಲಿ ಬೆಚ್ಚಗಿತ್ತು. ನನಗೆ ಖರೇ ಸಿಟ್ಟು ಬಂತು. “ಗಾಡಿ ಇಲ್ಲದೆ ನನ್ನನ್ನು ಕರೆಯುವವ ಒಬ್ಬನಾದರೂ ಬಂದರೆ?” ಎಂದೆ.

“ಬಂದ್ರ ನಾ ಸೋತೆ,” ಅಂದಳು.

ಹೀಗೆ, ಧೂಳಿಗಾಗಿ ಅಲ್ಲ, ಮಳೆಗಾಗಿ ಅಲ್ಲ, ಹೆಂಡತಿಯ ಬಾಯಿ ಮುಚ್ಚಿಸುವ ಸಲುವಾಗಿ ಆ ಗಾಡಿಯನ್ನು ಕೊಂಡೆ. ಹಳೆಯದನ್ನು ಅಂಗಡಿಯವನಿಗೇ ಬಿಟ್ಟೆ. ಹದಿನೈದು ದಿನದ ಮೇಲೆ ಕೋರ್ಟಿನ ಬೇವಿನ ಮರದ ಕೆಳಗೆ ಅದೇ ಹಳೆಯ ಗಾಡಿ ನಿಂತಿತ್ತು. ಒಳಗಿನಿಂದ ಬಿಂದೂರಾಯರು ಇಳಿದರು. “ಅಗ್ಗಕ್ಕ ಸಿಕ್ತು, ನಿಮ್ಮ ನೆನಪಿಗಂತ ಇಟ್ಟುಕೊಂಡೆ,” ಅಂದರು. ಆ ಮನುಷ್ಯನ ನಾಚಿಕೆಗೇಡಿತನಕ್ಕೆ ಏನೆನ್ನಬೇಕೋ ಇಂದಿಗೂ ನನಗೆ ತಿಳಿದಿಲ್ಲ.

ವೈಶಾಖ ಬಂತು. ಊರ ತುಂಬ ಬಾಜಾ. ನಮ್ಮ ಕಟ್ಟೆ ಮಾತ್ರ ಖಾಲಿ. ಅಕ್ಷತೆ ಹಿಡಿದ ಜೋಡಿಗಳು ನಮ್ಮ ಮನೆ ದಾಟಿ ಬಿಂದೂರಾಯರ ಮನೆಯ ಕಡೆ ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಹೆಂಡತಿ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ವಿರೂಪಾಕ್ಷಪ್ಪನವರ ಮನೆಯಿಂದ ಕರೆ ಬಂತು, ಇಲ್ಲವೆನ್ನಲಾರೆ. ಅವರ ಗುಮಾಸ್ತ ಪತ್ರಿಕೆಯನ್ನು ನಮ್ಮ ಕಟ್ಟೆಯ ಮೇಲೆ ಇಟ್ಟು, ಹಾರಬಾರದೆಂದು ಮೇಲೊಂದು ಕಲ್ಲಿಟ್ಟು ಹೋಗಿದ್ದ.

ಅದೇ ವಾರ ಹಸನಸಾಬ ಬಂದ. ತೊಳೆದ ಅಂಗಿ, ಹೊಸ ಟೊಪ್ಪಿಗೆ. ಕಟ್ಟೆಯ ಕೆಳಗೇ ನಿಂತು, “ಮಗಳ ನಿಕಾ ಐತ್ರಿ ಸಾಹೇಬ್ರ. ನೀವು ಮತ್ತ ಅಕ್ಕಾರು ಬರಬೇಕ್ರಿ,” ಎಂದ.

ನನಗೆ ಹಳೆಯ ಚಟ. “ಗಾಡಿ ಎಷ್ಟು ಹೊತ್ತಿಗೆ ಕಳಿಸಲಿ?” ಎಂದೆ.

“ಗಾಡಿ ಬ್ಯಾಡ್ರಿ. ವರನ ಮನಿ ಮಗ್ಗಲದ ಓಣ್ಯಾಗ ಐತಿ, ನಡಕೋತ ಬರತಾರ. ನೀವು ಬರ್ರಿ ಸಾಕು. ನಿಮಗ ಬ್ಯಾರೆ ಅಡಗಿರಿ, ಮಠದ ಐನೋರ ಕಡಿಂದನ ಮಾಡಸ್ತೇನಿ, ಬ್ಯಾರೆ ಪಾತ್ರಿ, ಬ್ಯಾರೆ ಒಲಿ. ಏನೂ ಸಂಕೋಚ ಮಾಡಕೋಬ್ಯಾಡ್ರಿ.”

ಅವನು ಹೋದದ್ದೇ ತಡ, ಒಳಗೆ ಹೋಗಿ ಕುಣಿಯುವುದೊಂದು ಬಾಕಿ. “ಈಗೇನಂತಿ? ಗಾಡಿ ಬ್ಯಾಡ, ನೀವು ಬರ್ರಿ ಅಂದ! ಸೋತ್ಯೋ ಇಲ್ಲೋ?” ಹೆಂಡತಿ ಮೊದಲ ಸಲ ನಕ್ಕಳು. “ಸೋತೇನ್ರಿ. ಇಬ್ಬರೂ ಕೂಡಿ ಹೋಗೂಣು,” ಅಂದಳು.

ಆದರೆ ನೋಡಿ, ನನ್ನ ಹಣೆಬರಹ. ಅಲ್ಲ, ಹಣೆಬರಹವನ್ನು ಯಾಕೆ ಬೈಯಲಿ, ನನ್ನ ಬುದ್ಧಿ. ವಿರೂಪಾಕ್ಷಪ್ಪನವರ ಮಗನ ಲಗ್ನವೂ ಅದೇ ದಿನ. ಬೆಳಿಗ್ಗೆ ಎದ್ದವನಿಗೆ ಒಂದು ಹುಕಿ ಬಂತು. ಅವರು ಪೇಟೆಯಲ್ಲಿ ಹಾಕಿಸಿದ ಚಪ್ಪರದ ಮುಂದೆ ಹೊಸ ಗಾಡಿಯಿಂದ ಇಳಿದರೆ ಎಲ್ಲರಿಗೂ ತಮ್ಮ ತಪ್ಪು ತಿಳಿದೀತು. ಹತ್ತು ನಿಮಿಷ ಕೂತು, ಮೋರೆ ತೋರಿಸಿ, ಮಧ್ಯಾಹ್ನದೊಳಗೆ ಹಸನಸಾಬನ ಮನೆಗೆ. ಹೆಂಡತಿಗೆ, “ನೀ ಟಾಂಗಾದಾಗ ಮುಂದ ನಡಿ, ನಾ ಲಗೂನ ಬರ್ತೇನಿ,” ಅಂದೆ. ಆಕೆಯ ಸೀರೆಗೆ ಧೂಳು ಹತ್ತಬಾರದೆಂದು ಊರಿಗೆಲ್ಲ ಹೇಳಿ ಕೊಂಡ ಗಾಡಿಯಲ್ಲಿ ನಾನೊಬ್ಬನೇ ಹೋದೆ.

ಸಂದಿ ತಿರುಗುತ್ತಲೇ ಮೆರವಣಿಗೆಯ ಹಿಂದೆ ಸಿಕ್ಕಿಬಿದ್ದೆ. ಮುಂದೆ ನನ್ನ ಹಳೆಯ ಗಾಡಿ, ಹೂವು, ಮದುಮಗ. ಮುಂದಿನ ಸೀಟಿನಲ್ಲಿ ಬಿಂದೂರಾಯರು ಎಡಕ್ಕೂ ಬಲಕ್ಕೂ ಕೈ ಮುಗಿಯುತ್ತಿದ್ದಾರೆ. ಹೊಡೆಯುವವ ಯಾವನೋ ಬೇರೆಯವ. ಗಾಡಿ ಎರಡು ಮಾರಿಗೊಮ್ಮೆ ಜಿಗಿಯುತ್ತಿತ್ತು, ಮದುಮಗನ ಬಾಸಿಂಗ ಅಲ್ಲಾಡುತ್ತಿತ್ತು. ನಾನೂ ಗಾಜಿನೊಳಗಿನಿಂದ ನಾಲ್ಕಾರು ಮಂದಿಗೆ ಕೈ ಮುಗಿದೆ. ಬಿಸಿಲು ಗಾಜಿನ ಮೇಲೆ ಬಿದ್ದಿತ್ತು, ಒಬ್ಬರಿಗೂ ಕಾಣಲಿಲ್ಲ. ಗಾಜು ಇಳಿಸಿದೆ. ಆಗ ಒಬ್ಬ, “ಸ್ವಲ್ಪ ಹಿಂದ ತಗೀರಿ, ಮಂದಿ ನಡೀಬೇಕು,” ಎಂದ.

ಚಪ್ಪರದಲ್ಲಿ ಲೋಡು ಬಿಂದೂರಾಯರಿಗೆ, ರುಮಾಲೂ ಅವರಿಗೆ. ನಾನು ಕಂಬದ ಬದಿಗೆ ನಿಂತೆ. ಎದ್ದು ಹೋಗಬೇಕೆನ್ನಲು ಕೂತೇ ಇರಲಿಲ್ಲ. ಹೊರಡುತ್ತಿರುವಾಗ ವಿರೂಪಾಕ್ಷಪ್ಪನವರೇ ಓಡಿ ಬಂದರು. ರುಮಾಲು ತಂದರೇನೋ ಎಂದು ಅವರ ಕೈ ನೋಡಿದೆ.

“ವಕೀಲಸಾಹೇಬ್ರ! ಛಲೋ ಆತು ನೀವು ಬಂದದ್ದು! ಸ್ಟೇಶನ್ನಿಗೆ ಬೀಗರ ಕಡೆ ಮುದುಕ್ಯಾರು ಬಂದ ಕೂತಾರಂತ. ನಿಮ್ಮದು ಮುಚ್ಚಿದ ಗಾಡಿ, ಅವರಿಗೆ ಗಾಳಿ ಬಡಿಯೂದಿಲ್ಲ. ಒಂದೀಟು ಕರಕೊಂಡ ಬರ್ರಿ.”

ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳುತ್ತೇನೆ: ನನಗೆ ಖುಷಿಯಾಯಿತು. ಹಸನಸಾಬನ ಮನೆಯಲ್ಲಿ ಎಲೆ ಹಾಕುವ ಹೊತ್ತಾಗಿದೆ ಎಂಬುದು ಗೊತ್ತಿದ್ದೂ ಸ್ಟೇಶನ್ನಿಗೆ ಹೋದೆ. ಮುದುಕಿಯರು ಏಳು ಮಂದಿ, ಗಂಟು ಹದಿನಾಲ್ಕು. ಮೂರು ಸರತಿ ಹೋದೆ. ಒಬ್ಬಾಕೆ ಸೀಟಿನ ಮೇಲೆ ಎಣ್ಣೆಯ ಗಿಂಡಿ ಚೆಲ್ಲಿ, “ಡ್ರಾಯವ್ಹರ್ ಬಾಳ ಶಾಣ್ಯಾ ಅದಾನ,” ಎಂದು ನನ್ನನ್ನು ಹೊಗಳಿದಳು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆ. ಹೆಂಡತಿ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೇ ಹೇಳಿದಳು.

“ಬ್ಯಾರೆ ಅಡಗಿ ಮಾಡಿಸಿದ್ದ. ಇಬ್ಬರಿಗೇ. ನನಗ ಬಡಿಸಿದ್ರು. ಬಾಜೂಕ ನಿಮ್ಮ ಎಲಿ ಹಾಕಿ ನೀರು ಚಿಮುಕಿಸಿದ್ರು. ‘ಒಂದೀಟು ತಡೀರಿ, ಸಾಹೇಬ್ರು ಬರತಾರ’ ಅಂತ ಅಂವ ಐನೋರಿಗೆ ಎರಡು ಸಲ ಹೇಳಿದ. ಮೂರನೇ ಸಲ ಹೇಳಲಿಲ್ಲ.” ಒಂದು ಹರಳು ಆರಿಸಿ ಬದಿಗೆ ಎಸೆದು, “ನಾ ಸೋತದ್ದು ಖರೇ ಐತ್ರಿ. ಆದ್ರ ನೀವು ಗೆಲ್ಲಾಕ ಹೋಗಲಿಲ್ಲಲ್ಲ,” ಎಂದಳು.

ಮರುದಿನ ಬೆಳಿಗ್ಗೆ ಕೋರ್ಟು ಬಿಟ್ಟು ಕೇಶ್ವಾಪುರಕ್ಕೆ ಹೋದೆ. ಏನು ಹೇಳಬೇಕೆಂಬುದನ್ನು ದಾರಿಯಲ್ಲಿ ಮೂರು ರೀತಿಯಲ್ಲಿ ಜೋಡಿಸಿಕೊಂಡಿದ್ದೆ. ಕೊಲೆ ಮಾಡಿದವನನ್ನೂ ಬಿಡಿಸಬಲ್ಲಂಥ ಮಾತುಗಳು. ನನ್ನ ಗಾಡಿ ಶೆಡ್ಡಿನ ಮುಂದೆ ನಿಂತ ಕೂಡಲೇ ಹಸನಸಾಬ ಕೈ ಒರೆಸಿಕೊಳ್ಳುತ್ತ ಎದ್ದು ಬಂದ. ನಿನ್ನೆಯ ಮಾತು ಎತ್ತಲಿಲ್ಲ. ನನ್ನ ಮೋರೆಯನ್ನೂ ನೋಡಲಿಲ್ಲ. ನೇರವಾಗಿ ಬಾನೆಟ್ಟಿನ ಮೇಲೆ ಕೈ ಇಟ್ಟು ಕೇಳಿದ: “ಗಾಡಿಗೆ ಏನಾತ್ರಿ ಸಾಹೇಬ್ರ?”

ಗಾಡಿಗೆ ಏನೂ ಆಗಿರಲಿಲ್ಲ. “ಬಾಗಿಲು ಸ್ವಲ್ಪ ಬಿಗಿ ಆಗೇತಿ ನೋಡು,” ಎಂದೆ.

ಅವನು ಬಾಗಿಲನ್ನು ನಾಲ್ಕು ಸಲ ತೆರೆದು ಮುಚ್ಚಿ ನೋಡಿದ. ಆಮೇಲೆ ಒಳಗಿನಿಂದ ಎಣ್ಣೆಯ ಡಬ್ಬಿ ತಂದು, ಏನೂ ಆಗದ ಆ ಬಾಗಿಲಿಗೆ ಎರಡು ಹನಿ ಬಿಟ್ಟು, ಅರಿವೆಯಿಂದ ಒರೆಸಿ, “ಈಗ ಸರಿ ಆತ್ರಿ, ಹೋಗ್ರಿ,” ಎಂದ.